ಮೈಲುತುತ್ತದ ತವರು: ಇಂಗಳಧಾಳಿನ ತಾಮ್ರದ ಗಣಿ

(ಸಂಘದ ಬೆಳ್ಳಿಹಬ್ಬದ ಎರಡನೆಯ ದಿನ ಬೆಳಿಗ್ಗೆ ನಡೆದ ಸದಸ್ಯರ ತಿಳುವಳಿಕೆ ಸಭೆಯಲ್ಲಿ, ಸಂಘದ ಹಿರಿಯ ಸದಸ್ಯರೂ ನಿವೃತ್ತ ಭೂವಿಜ್ಞಾನ ಉಪನ್ಯಾಸಕರೂ ಆದವರೊಬ್ಬರು ಮಾಡಿದ ಭಾಷಣದ ಬರಹರೂಪ)



ಅಧ್ಯಕ್ಷರು ಹದಿನೈದು ದಿನದ ಹಿಂದೆ ಮನೆಗೆ ಬಂದು, "ಮೇಷ್ಟ್ರೇ, ಬೆಳ್ಳಿಹಬ್ಬಕ್ಕೆ ಏನಾದರೂ ಮಾತಾಡಬೇಕು, ಸಹಕಾರ ತತ್ವ ಅಂತ ಮಾತ್ರ ಬೇಡ, ಅದನ್ನು ಮಂತ್ರಿಗಳು ಮಾತಾಡ್ತಾರೆ" ಎಂದರು. ನನಗೆ ಗೊತ್ತಿರುವುದು ಕಲ್ಲಿನ ವಿಚಾರ ಮಾತ್ರ. ಕಾಫಿ, ಮೆಣಸು ಬೆಳೆಯುವ ಜನರ ಮುಂದೆ ಕಲ್ಲಿನ ವಿಚಾರ ಏನು ಹೇಳಲಿ ಎಂದು ಯೋಚಿಸುತ್ತಾ ನಮ್ಮ ಗೋಡೌನಿಗೆ ಹೋದೆ. ಅಲ್ಲಿ ಗೊಬ್ಬರದ ಮೂಟೆಗಳ ಪಕ್ಕದಲ್ಲಿ ಮೈಲುತುತ್ತದ ಚೀಲಗಳನ್ನು ಅಟ್ಟಿ ಹಾಕಿದ್ದರು. ಒಂದು ಚೀಲದ ಹೊಲಿಗೆ ಬಿಚ್ಚಿ ನಾಲ್ಕು ಹರಳು ನೆಲಕ್ಕೆ ಬಿದ್ದಿತ್ತು. ನೀಲಿ ಅಂದರೆ ನೀಲಿ, ನವಿಲಿನ ಕತ್ತಿನ ನೀಲಿ. ವಿಷಯ ಸಿಕ್ಕಿತು ಅಂದುಕೊಂಡೆ.

ಸಂಘದ ಇಪ್ಪತ್ತೈದು ವರ್ಷದ ಲೆಕ್ಕ ತೆಗೆದು ನೋಡಿದರೆ, ಸಾಲ ಬಿಟ್ಟರೆ ನಾವು ಸಂಘದಿಂದ ಮನೆಗೆ ಹೊತ್ತದ್ದು ಗೊಬ್ಬರ, ಸುಣ್ಣ ಮತ್ತು ಮೈಲುತುತ್ತ. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಮಳೆ ಬಿಟ್ಟ ಮೇಲೆ ಒಂದು ಸಲ ಬೋರ್ಡೋ ಹೊಡೆಯದ ತೋಟ ನಮ್ಮ ಊರಿನಲ್ಲಿ ಕಡಿಮೆ. ಆದರೆ ಈ ನೀಲಿ ಹರಳು ಎಲ್ಲಿಂದ ಬಂತು ಎಂದು ಕೇಳಿದರೆ, "ಮೈಸೂರಿನಿಂದ ಲಾರಿಯಲ್ಲಿ ಬಂತು" ಅನ್ನುತ್ತೇವೆ. ಲಾರಿಗಿಂತ ಹಿಂದಕ್ಕೆ, ಮೈಸೂರಿಗಿಂತ ಹಿಂದಕ್ಕೆ ಹೋದರೆ ಏನು ಸಿಗುತ್ತದೆ ಎಂಬುದೇ ಈವತ್ತಿನ ನನ್ನ ಮಾತು.

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟು. ತಾಮ್ರ, ಗಂಧಕದ ಆಮ್ಲ ಮತ್ತು ನೀರು ಸೇರಿದ ಹರಳು. ತೂಕದಲ್ಲಿ ಸರಿಸುಮಾರು ನಾಲ್ಕನೇ ಒಂದು ಪಾಲು ತಾಮ್ರ. ಅಂದರೆ ನೀವು 50 ಕಿಲೋ ಚೀಲ ಹೊತ್ತುಕೊಂಡು ಹೋದರೆ ಅದರೊಳಗೆ ಹನ್ನೆರಡೂವರೆ ಕಿಲೋ ಶುದ್ಧ ತಾಮ್ರ ಇದೆ. ಅಜ್ಜಿ ಕಾಲದ ಬಚ್ಚಲು ಮನೆಯ ಹಂಡೆ ಒಂದಕ್ಕೆ ಸಾಕಾಗುವಷ್ಟು. ವರ್ಷಾ ವರ್ಷ ನಾವು ಹಂಡೆಗಟ್ಟಲೆ ತಾಮ್ರವನ್ನು ಗಿಡದ ಎಲೆಗೆ ಬಳಿಯುತ್ತಿದ್ದೇವೆ! ತಮಾಷೆ ಅಲ್ಲ, ಲೆಕ್ಕ.

ಆ ತಾಮ್ರ ಭೂಮಿಯಿಂದ ಬರಬೇಕು. ಕೊಡಗಿನಲ್ಲಿ ತಾಮ್ರದ ಗಣಿ ಇಲ್ಲ. ನಮ್ಮ ರಾಜ್ಯದಲ್ಲಿ ತಾಮ್ರ ಎಂದರೆ ಮೊದಲು ಬರುವ ಹೆಸರು ಚಿತ್ರದುರ್ಗದ ಪಕ್ಕದ ಇಂಗಳಧಾಳು. ನಮಗೆ ಹತ್ತಿರದ್ದು ಬೇಕೆಂದರೆ ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಕಲ್ಯಾಡಿ. ಅಲ್ಲಿಯೂ ಹಿಂದಿನವರು ತೋಡಿದ ಗುಂಡಿಗಳಿದ್ದವು, ನಮ್ಮ ಕಾಲದಲ್ಲಿ ಕೆಲವು ವರ್ಷ ಗಣಿ ನಡೆದು ನಿಂತಿತು. ನಾನು ಬಯಲುಸೀಮೆಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ವರ್ಷಕ್ಕೊಂದು ಸಲ ಹುಡುಗರನ್ನು ಬಸ್ಸಿನಲ್ಲಿ ತುಂಬಿಕೊಂಡು ಚಿತ್ರದುರ್ಗಕ್ಕೆ ಹೋಗುತ್ತಿದ್ದೆ. ಹುಡುಗರಿಗೆ ಕೋಟೆ, ಓಬವ್ವನ ಕಿಂಡಿ ನೋಡುವ ಆಸೆ. ನನಗೆ ಕೋಟೆಯ ಹಿಂದಿನ ಗುಡ್ಡ ನೋಡುವ ಆಸೆ.

ಕೋಟೆ ಕಟ್ಟಿರುವ ಬೆಟ್ಟ ಗ್ರಾನೈಟು. ದುಂಡು ದುಂಡು ಬಂಡೆ, ಒಂದರ ಮೇಲೊಂದು ಕೂರಿಸಿದ ಹಾಗೆ. ಅದನ್ನು ದಾಟಿ ಆಗ್ನೇಯಕ್ಕೆ ಕೆಲವು ಮೈಲಿ ಹೋದರೆ ಕಲ್ಲಿನ ಬಣ್ಣವೇ ಬದಲಾಗುತ್ತದೆ. ಕಪ್ಪು ಹಸಿರು ಬಣ್ಣದ, ಪದರ ಪದರವಾದ ಕಲ್ಲು ಸಿಗುತ್ತದೆ. ಇದು ಹಳೆಯ ಲಾವಾರಸ. ಇಂಥ ಕಲ್ಲಿನ ಪಟ್ಟಿಯೊಂದು ದಕ್ಷಿಣದಲ್ಲಿ ಶ್ರೀರಂಗಪಟ್ಟಣದ ಕಡೆಯಿಂದ ಶುರುವಾಗಿ ಚಿತ್ರದುರ್ಗದ ಮೇಲೆ ಹಾದು ಉತ್ತರದಲ್ಲಿ ಗದಗದವರೆಗೆ ನಾನೂರು ಕಿಲೋಮೀಟರಿಗೂ ಹೆಚ್ಚು ಉದ್ದ ಹೋಗಿದೆ. ಇದಕ್ಕೆ ಚಿತ್ರದುರ್ಗದ ಶಿಸ್ಟ್ ಪಟ್ಟಿ ಎನ್ನುತ್ತಾರೆ. ಇಂಥ ಕಲ್ಲುಗಳನ್ನೆಲ್ಲ ಒಟ್ಟುಗೂಡಿಸಿ ಧಾರವಾಡದ ಹೆಸರು ಕೊಟ್ಟವರು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ. 1894ರಲ್ಲಿ ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಶುರುವಾದಾಗ ಅದನ್ನು ಕಟ್ಟಿದವರೂ ಅವರೇ. ಒಂದು ಮಾತು ಇಲ್ಲಿ ಸೇರಿಸಲೇಬೇಕು: ಈ ಪಟ್ಟಿಯ ಉತ್ತರದ ಬಾಲದ ಹತ್ತಿರವೇ ಗದಗದ ಕಣಗಿನಹಾಳ ಇದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನಮ್ಮ ದೇಶದ ಮೊದಲನೆಯ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಊರು. ಸಹಕಾರ ತತ್ವ ಬೇಡ ಅಂದಿದ್ದರು ಅಧ್ಯಕ್ಷರು, ಆದರೆ ಕಲ್ಲೇ ಅಲ್ಲಿಗೆ ಕರೆದುಕೊಂಡು ಹೋದರೆ ನಾನೇನು ಮಾಡಲಿ!

ಚಿತ್ರದುರ್ಗದಿಂದ ಅದೇ ದಿಕ್ಕಿನಲ್ಲಿ ಇನ್ನೂ ಮುಂದೆ ಮರಡಿಹಳ್ಳಿ ಇದೆ. ಅಲ್ಲಿನ ಗುಡ್ಡದಲ್ಲಿ ಕಲ್ಲುಗಳು ದಿಂಬು ಜೋಡಿಸಿದ ಹಾಗೆ ಕಾಣುತ್ತವೆ. ಹತ್ತಿ ದಿಂಬನ್ನು ಗೋಣಿಚೀಲದ ಹಾಗೆ ಅಟ್ಟಿ ಹಾಕಿ, ಮೇಲೆ ಭಾರ ಇಟ್ಟರೆ ಒತ್ತಿಕೊಂಡು ಹೇಗೆ ಕೂರುತ್ತದೋ ಹಾಗೆ. ಸರ್ಕಾರ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಕಲ್ಲು ದಿಂಬಿನ ಆಕಾರ ತಾಳುವುದು ಯಾವಾಗ? ಕುದಿಯುವ ಲಾವಾರಸ ನೀರಿನೊಳಗೆ ಉಕ್ಕಿದಾಗ. ನೀರು ತಾಗಿದ ಕೂಡಲೇ ಹೊರಗಡೆ ಸಿಪ್ಪೆ ಗಟ್ಟಿಯಾಗುತ್ತದೆ, ಒಳಗೆ ರಸ ಇನ್ನೂ ತುಂಬುತ್ತಿರುತ್ತದೆ, ಉಬ್ಬಿ ದಿಂಬಾಗುತ್ತದೆ. ಈವತ್ತು ಮಳೆಗೆ ಕಣ್ಣು ಬಾಯಿ ಬಿಡುವ ಆ ಒಣ ಸೀಮೆ 250 ಕೋಟಿ ವರ್ಷಕ್ಕೂ ಹಿಂದೆ ಕಡಲ ತಳವಾಗಿತ್ತು. ಹುಡುಗರಿಗೆ ಇದನ್ನು ಹೇಳಿದಾಗ ಒಬ್ಬ, "ಸಾರ್, ಹಾಗಾದರೆ ನೀರೆಲ್ಲ ಎಲ್ಲಿ ಹೋಯ್ತು?" ಅಂದ. ಬರಗಾಲದ ವರ್ಷ ಅದು. ಬಸ್ಸಿನ ಡ್ರೈವರ್ ನಕ್ಕದ್ದು ನನಗೆ ಇನ್ನೂ ನೆನಪಿದೆ.

ಈಗ ತಾಮ್ರ ಎಲ್ಲಿಂದ ಬಂತು ನೋಡಿ. ಕಡಲ ತಳದಲ್ಲಿ ಲಾವಾ ಉಕ್ಕುವ ಕಡೆ ನೆಲ ಬಿರುಕು ಬಿಟ್ಟಿರುತ್ತದೆ. ಬಿರುಕಿನಲ್ಲಿ ಕಡಲಿನ ನೀರು ಇಳಿಯುತ್ತದೆ, ಕೆಳಗಿನ ಬಿಸಿಗೆ ಕಾಯುತ್ತದೆ. ಆ ಆಳದ ಒತ್ತಡದಲ್ಲಿ ಅದು ನೂರು ಡಿಗ್ರಿಗೆ ಕುದಿಯುವುದಿಲ್ಲ, ಮುನ್ನೂರು ಡಿಗ್ರಿ ಮೀರಿಯೂ ನೀರಾಗಿಯೇ ಇರುತ್ತದೆ. ಅಂಥ ನೀರು ಕಲ್ಲಿನಲ್ಲಿ ಚೂರು ಚೂರು ಹರಡಿಕೊಂಡ ತಾಮ್ರ, ಸತು, ಕಬ್ಬಿಣವನ್ನು ಕರಗಿಸಿಕೊಳ್ಳುತ್ತದೆ. ಕಾಫಿ ಪುಡಿಯ ಮೇಲೆ ಬಿಸಿನೀರು ಸುರಿದರೆ ಡಿಕಾಕ್ಷನ್ ಇಳಿಯುವ ಹಾಗೆ. ಮತ್ತೆ ಮೇಲಕ್ಕೆ ಚಿಮ್ಮಿ ತಣ್ಣೀರು ತಾಗಿದಾಗ, ಕರಗಿದ್ದೆಲ್ಲ ಗಂಧಕದ ಜೊತೆ ಸೇರಿ ಕಪ್ಪು ಹೊಗೆಯ ಹಾಗೆ ಉದುರುತ್ತದೆ. ಇದು ಪುಸ್ತಕದ ಊಹೆ ಎಂದು ಬಹಳ ಕಾಲ ಅನುಮಾನ ಇತ್ತು. 1979ರಲ್ಲಿ ಪೆಸಿಫಿಕ್ ಸಾಗರದ ತಳಕ್ಕೆ ಜಲಾಂತರ ವಾಹನದಲ್ಲಿ ಇಳಿದ ವಿಜ್ಞಾನಿಗಳು ಇಂಥ ಹೊಗೆ ಕೊಳವೆಗಳನ್ನು ಕಣ್ಣಾರೆ ಕಂಡರು. ಆ ಮೇಲೆ ನನ್ನ ಪಾಠ ಸುಲಭವಾಯಿತು.

ಇಂಗಳಧಾಳಿನಲ್ಲಿ ಸಂಗತಿ ಇಷ್ಟಕ್ಕೇ ಮುಗಿಯುವುದಿಲ್ಲ. ಕಡಲ ತಳದಲ್ಲಿ ಕೂತ ಕಲ್ಲು ಆ ಮೇಲೆ ಮಡಿಚಿ, ನುಗ್ಗಾಗಿ, ಉದ್ದಕ್ಕೂ ಸೀಳಿದೆ. ಆ ಸೀಳುಗಳ ಗುಂಟ ಅದಿರು ಮತ್ತೆ ಹರಿದು, ಬಿಳಿ ಬೆಣಚುಕಲ್ಲಿನ ಜೊತೆ ಸೇರಿಕೊಂಡು ಎಳೆ ಎಳೆಯಾಗಿ ಕೂತಿದೆ. ಅದಿರು ಕಡಲ ಕಾಲದ್ದೋ, ಸೀಳಿದ ಕಾಲದ್ದೋ ಎಂದು ಪಂಡಿತರಲ್ಲಿ ವಾದ ಉಂಟು. ಎರಡೂ ಸ್ವಲ್ಪ ಸ್ವಲ್ಪ ನಿಜ ಎಂಬುದು ನನ್ನ ಅಭಿಪ್ರಾಯ. ಪೈರು ಒಂದು ಕಾಲದ್ದು, ಕಣಜಕ್ಕೆ ಬಿದ್ದದ್ದು ಇನ್ನೊಂದು ಕಾಲದಲ್ಲಿ.

ಇದು ಆ ಅದಿರು. ದಯವಿಟ್ಟು ಕೈಯಿಂದ ಕೈಗೆ ದಾಟಿಸಿ, ಕೊನೆಗೆ ನನಗೆ ವಾಪಸು ಬರಲಿ. ಹಿತ್ತಾಳೆಯ ಹಾಗೆ ಹಳದಿ ಮಿಂಚುವುದು ಚಾಲ್ಕೋಪೈರೈಟ್. ತಾಮ್ರ, ಕಬ್ಬಿಣ, ಗಂಧಕ, ಮೂರೂ ಹೆಚ್ಚು ಕಡಿಮೆ ಮೂರನೇ ಒಂದೊಂದು ಪಾಲು. ಇನ್ನೂ ಬಿಳಿಚಿದ ಹಳದಿಯಲ್ಲಿ ಚೌಕ ಚೌಕವಾಗಿರುವುದು ಪೈರೈಟ್, ಬರೀ ಕಬ್ಬಿಣ ಗಂಧಕ. ಇದನ್ನು ಚಿನ್ನ ಎಂದು ನಂಬಿ ಮನೆಯಲ್ಲಿ ಕಟ್ಟಿಟ್ಟವರನ್ನು ನಾನು ಕಂಡಿದ್ದೇನೆ. ನಮ್ಮಲ್ಲಿ ಹರಳು ಕಲ್ಲಿನ ಹಿಂದೆ ಬಿದ್ದು ರಾತ್ರಿ ಕಾಡು ಅಗೆದು ಕೇಸು ಹಾಕಿಸಿಕೊಂಡವರೂ ಇದ್ದಾರಲ್ಲ, ಹಾಗೆ. ಈ ಇನ್ನೊಂದು ಕಲ್ಲಿನ ಮೇಲೆ ಹಸಿರು ಬಳಿದ ಹಾಗಿದೆ ನೋಡಿ. ತಾಯಂದಿರಿಗೆ ನಾನು ವಿವರಿಸಬೇಕಾಗಿಲ್ಲ. ತಾಮ್ರದ ಚೆಂಬನ್ನು ಹುಣಿಸೆಹಣ್ಣು ಹಾಕಿ ತಿಕ್ಕದೆ ಬಿಟ್ಟರೆ ಬರುವ ಕಿಲುಬು. ಗುಡ್ಡದೊಳಗೆ ತಾಮ್ರ ಇದ್ದರೆ ಗಾಳಿ ಮಳೆಗೆ ಗುಡ್ಡವೂ ಕಿಲುಬು ಹಿಡಿಯುತ್ತದೆ.

ಹಿಂದಿನವರು ಈ ಕಿಲುಬನ್ನೇ ಹುಡುಕಿಕೊಂಡು ಹೋದರು. ಇಂಗಳಧಾಳಿನಲ್ಲಿ ಹೊಸ ಗಣಿ ಬರುವ ಮೊದಲೇ ಹಳೆಯ ಗುಂಡಿಗಳಿದ್ದವು, ಹೊಸಬರಿಗೆ ದಾರಿ ತೋರಿಸಿದ್ದು ಅವೇ. ಮೇಲ್ಪದರದ ಹಸಿರು ಅದಿರು ಇದ್ದಲಿನ ಜೊತೆ ಕುಲುಮೆಗೆ ಹಾಕಿ ತಿದಿ ಒತ್ತಿದರೆ ಸಲೀಸಾಗಿ ಕರಗಿ ತಾಮ್ರ ಕೊಡುತ್ತದೆ. ಕೆಳಗಿನ ಹಳದಿ ಅದಿರು ಹಾಗಲ್ಲ, ಅದನ್ನು ಮೊದಲು ಸುಟ್ಟು ಗಂಧಕ ಓಡಿಸಬೇಕು. ಜೊತೆಗೆ ಗುಂಡಿ ಆಳವಾದಂತೆ ನೀರು ಬರುತ್ತದೆ. ಕಲ್ಲನ್ನು ಒಡೆಯಲು ಅವರ ಹತ್ತಿರ ಇದ್ದದ್ದು ಬೆಂಕಿ, ತಣ್ಣೀರು ಮತ್ತು ಸುತ್ತಿಗೆ. ಬಂಡೆಗೆ ಸೌದೆ ಒಟ್ಟಿ ಕಾಯಿಸಿ, ನೀರೆರಚಿ ಬಿರುಕು ಬಿಡಿಸುವುದು. ಹಾಗೆ ಮಾಡಿಯೂ ರಾಯಚೂರಿನ ಹಟ್ಟಿಯಲ್ಲಿ ಚಿನ್ನಕ್ಕಾಗಿ ಆರುನೂರು ಅಡಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು ಅಂದರೆ ಆ ಜನರ ಎದೆಗಾರಿಕೆಗೆ ಕೈ ಮುಗಿಯಬೇಕು. ಚಿತ್ರದುರ್ಗದ ಬುಡದಲ್ಲೇ ಇರುವ ಚಂದ್ರವಳ್ಳಿ ಶಾತವಾಹನರ ಕಾಲದ ಊರು. ಅದೇ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಎರಡು ಕಡೆಯೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದರು. ಬ್ರಹ್ಮಗಿರಿಯಲ್ಲಿ ಕಲ್ಲಿನ ಕೊಡಲಿ ಹಿಡಿದ ಜನರ ಪದರದಲ್ಲೇ ತಾಮ್ರ, ಕಂಚಿನ ಕೆಲವು ಸಣ್ಣ ವಸ್ತುಗಳು ಸಿಕ್ಕಿವೆ.

ಊರಿನ ಹೆಸರಿನ ಬಗ್ಗೆ ಒಂದು ಮಾತು. ಇಂಗಳ ಅಂದರೆ ಹಳಗನ್ನಡದಲ್ಲಿ ಕೆಂಡ. ಕುಲುಮೆಯ ಕೆಂಡದಿಂದ ಇಂಗಳಧಾಳು ಎಂದು ಹೇಳಿಬಿಟ್ಟರೆ ಭಾಷಣಕ್ಕೆ ಶೋಭೆ. ಆದರೆ ಆ ಬಯಲಿನಲ್ಲಿ ಇಂಗಳ ಎಂಬ ಮುಳ್ಳಿನ ಮರವೂ ಬೆಳೆಯುತ್ತದೆ. ಊರಿಗೆ ಮರದ ಹೆಸರು ಇಡುವುದು ನಮ್ಮ ಜನರ ಹಳೇ ಪದ್ಧತಿ. ಹಾಗಾಗಿ ನಾನು ಮರದ ಪಕ್ಷ.

ಹೊಸ ಕಾಲದ ಗಣಿಗೆ ಬರೋಣ. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ತಾಮ್ರ ಕೊಡುತ್ತಿದ್ದದ್ದು ಬಿಹಾರದ ಸಿಂಗ್‌ಭೂಮ್ ಒಂದೇ, ಈಗ ಅದು ಜಾರ್ಖಂಡ್. ಅಲ್ಲಿ ಇಂಗ್ಲಿಷರ ಕಂಪನಿ ಘಾಟ್‌ಶಿಲೆಯಲ್ಲಿ ಕುಲುಮೆ ಇಟ್ಟಿತ್ತು. ಕರೆಂಟಿನ ತಂತಿ, ಟೆಲಿಫೋನು, ಮೋಟಾರು, ಎಲ್ಲದಕ್ಕೂ ತಾಮ್ರ ಬೇಕು. ವಿದೇಶಿ ವಿನಿಮಯ ಇಲ್ಲ. 1967ರಲ್ಲಿ ಕೇಂದ್ರ ಸರ್ಕಾರ ಹಿಂದೂಸ್ತಾನ್ ಕಾಪರ್ ಕಂಪನಿ ಕಟ್ಟಿತು, ರಾಜಸ್ಥಾನದ ಖೇತ್ರಿ ಮೇಲೆದ್ದಿತು, 1972ರಲ್ಲಿ ಘಾಟ್‌ಶಿಲೆಯದ್ದೂ ರಾಷ್ಟ್ರೀಕರಣವಾಯಿತು. ಸಣ್ಣ ನಿಕ್ಷೇಪವನ್ನೂ ಬಿಡಬಾರದು ಎಂಬ ಆ ಕಾಲದಲ್ಲೇ ನಮ್ಮ ರಾಜ್ಯವೂ ಇಂಗಳಧಾಳಿಗೆ ಕೈ ಹಾಕಿತು. ಆಗ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದವರು ಡಾ. ಬಿ. ಪಿ. ರಾಧಾಕೃಷ್ಣ. ಕನ್ನಡದಲ್ಲಿ ವಿಜ್ಞಾನ ಬರೆಯಬಲ್ಲವರು, 2012ರಲ್ಲಿ ತೀರಿಕೊಂಡರು. ನನ್ನಂಥ ಮೇಷ್ಟ್ರುಗಳಿಗೆಲ್ಲ ಅವರು ಗುರುಸ್ಥಾನ. ಚಿತ್ರದುರ್ಗ ತಾಮ್ರ ಕಂಪನಿ ಎಂಬ ಹೆಸರಿನಲ್ಲಿ ಕೆಲಸ ನಡೆಯಿತು, ಮುಂದೆ ಅದು ಹಟ್ಟಿ ಚಿನ್ನದ ಗಣಿ ಕಂಪನಿಯ ಆಡಳಿತಕ್ಕೆ ಸೇರಿತು.

ನಾನು ಹುಡುಗರನ್ನು ಕರೆದುಕೊಂಡು ಹೋದದ್ದು 1980ರ ದಶಕದಲ್ಲಿ. ತಲೆಗೆ ಟೊಪ್ಪಿ, ಅದಕ್ಕೊಂದು ದೀಪ, ಸೊಂಟಕ್ಕೆ ಬ್ಯಾಟರಿ ಕಟ್ಟಿ ಒಳಗೆ ಬಿಟ್ಟರು. ನೆಲದಡಿಗೆ ಹೋದರೆ ತಂಪಾಗಿರುತ್ತದೆ ಎಂದುಕೊಂಡಿದ್ದ ಹುಡುಗರ ಅಂಗಿ ಹತ್ತು ನಿಮಿಷಕ್ಕೆ ಬೆವರಿಗೆ ಒದ್ದೆ. ಕಾಲಡಿ ಕೆಸರು, ಮೇಲಿಂದ ತೊಟ್ಟಿಕ್ಕುವ ನೀರು, ಹಿಂದಿನ ದಿನ ಸಿಡಿಸಿದ ಮದ್ದಿನ ವಾಸನೆ. ದೀಪ ಗೋಡೆಗೆ ತಿರುಗಿಸಿದಾಗ ಕಪ್ಪು ಕಲ್ಲಿನ ನಡುವೆ ಹಳದಿ ಎಳೆ ಫಳಕ್ ಅಂತ ಹೊಳೆಯಿತು. ಒಂದು ಕಡೆ ಅಂಗೈ ಅಗಲ, ಹತ್ತು ಹೆಜ್ಜೆ ಹೋದರೆ ಬೆರಳಗಲ, ಇನ್ನೂ ಮುಂದೆ ಹೋದರೆ ಇಲ್ಲವೇ ಇಲ್ಲ. ನಮ್ಮನ್ನು ಒಳಗೆ ಕರೆದೊಯ್ದ ಮೇಸ್ತ್ರಿ ಗೋಡೆ ಮುಟ್ಟಿ, "ಇದು ನಾಚಿಕೆ ಹುಡುಗಿ ಸಾರ್, ಮುಖ ತೋರಿಸ್ತಾಳೆ, ಹಿಂದೆ ಹೋದರೆ ಮರೆಯಾಗ್ತಾಳೆ" ಅಂದ. ಇಪ್ಪತ್ತು ವರ್ಷ ನಾನು ತರಗತಿಯಲ್ಲಿ ಹೇಳಿದ್ದನ್ನು ಅವನು ಒಂದೇ ಮಾತಿನಲ್ಲಿ ಮುಗಿಸಿದ. ಆ ಗಣಿಯ ಕಷ್ಟವೆಲ್ಲ ಅದರಲ್ಲೇ ಇದೆ. ಅದಿರು ಇರಲಿಲ್ಲ ಎಂದಲ್ಲ, ಒಂದೇ ಕಡೆ ದಪ್ಪಗೆ ಇರಲಿಲ್ಲ.

ಅಗೆದು ಹೊರಗೆ ತಂದ ಕಲ್ಲಿನಲ್ಲಿ ತಾಮ್ರ ಎಷ್ಟು ಇರುತ್ತದೆ? ನಮ್ಮ ದೇಶದ ತಾಮ್ರದ ಗಣಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿನ ಆಚೀಚೆ. ನೂರು ಕಿಲೋ ಕಲ್ಲು ಒಡೆದರೆ ಒಂದು ಕಿಲೋ ತಾಮ್ರ. ಕಲ್ಲನ್ನು ಜಲ್ಲಿ ಮಾಡಿ, ಕಬ್ಬಿಣದ ಗುಂಡುಗಳಿರುವ ದೊಡ್ಡ ಪೀಪಾಯಿಯಲ್ಲಿ ನೀರಿನ ಜೊತೆ ತಿರುಗಿಸಿ ಗೋಧಿ ಹಿಟ್ಟಿನಷ್ಟು ನುಣ್ಣಗೆ ಅರೆಯುತ್ತಾರೆ. ಆ ಮೇಲೆ ಬರುವುದು ನನಗೆ ಬಹಳ ಇಷ್ಟವಾದ ಭಾಗ. ದೊಡ್ಡ ತೊಟ್ಟಿಯಲ್ಲಿ ಆ ಬಗ್ಗಡಕ್ಕೆ ಚೂರು ಪೈನ್ ಎಣ್ಣೆ, ಕ್ಸಾಂಥೇಟ್ ಎಂಬ ಔಷಧ ಹಾಕಿ, ಗಾಳಿ ಊದಿ ಕಡೆಯುತ್ತಾರೆ. ನೊರೆ ಏಳುತ್ತದೆ. ತಾಮ್ರದ ಕಣಕ್ಕೆ ಔಷಧ ಅಂಟಿ ಅದಕ್ಕೆ ನೀರು ಆಗಿಬರುವುದಿಲ್ಲ, ಗುಳ್ಳೆಗೆ ಅಂಟಿಕೊಂಡು ಮೇಲೆ ಬರುತ್ತದೆ. ಬರೀ ಕಲ್ಲಿನ ಪುಡಿ ಕೆಳಗೆ ಉಳಿಯುತ್ತದೆ. ಮಜ್ಜಿಗೆ ಕಡೆದು ಬೆಣ್ಣೆ ತೆಗೆಯುವುದು ನೋಡಿದವರಿಗೆ ಇದು ಹೊಸದಲ್ಲ. ಕಲ್ಲು ಭಾರ, ಅದು ತೇಲುವುದು ಹೇಗೆ ಎಂದು ನಮ್ಮ ಹುಡುಗಿಯೊಬ್ಬಳು ತೊಟ್ಟಿಗೆ ಬೆರಳು ಅದ್ದಿ ನೋಡಿದಳು. ಕಪ್ಪು ಬಂಗಾರದ ಮಿಶ್ರ ಬಣ್ಣದ ನೊರೆ ಬೆರಳಿಗೆ ಹತ್ತಿತು. ಆ ನೊರೆಯನ್ನು ಒಣಗಿಸಿದರೆ ನೂರಕ್ಕೆ ಇಪ್ಪತ್ತರ ಮೇಲೆ ತಾಮ್ರ ಇರುವ ಪುಡಿ. ಆದರೆ ಅದನ್ನು ಕರಗಿಸಿ ಲೋಹ ಮಾಡುವ ದೊಡ್ಡ ಕುಲುಮೆ ನಮ್ಮ ರಾಜ್ಯದಲ್ಲಿ ಇರಲಿಲ್ಲ. ಪುಡಿ ಹೊರರಾಜ್ಯಕ್ಕೆ ಹೋಗಬೇಕಿತ್ತು. ಕಾಫಿ ಚೆರ್ರಿ ಮಾತ್ರ ಬೆಳೆದು ಕ್ಯೂರಿಂಗ್ ಬೇರೆಯವರ ಕೈಯಲ್ಲಿ ಇದ್ದರೆ ಬೆಳೆಗಾರನಿಗೆ ಏನು ಉಳಿಯುತ್ತದೆ ಎಂಬುದು ನಿಮಗೆ ಗೊತ್ತು.

ಇನ್ನು ನಮ್ಮ ಚೀಲದ ಲೆಕ್ಕ ಹಾಕೋಣ. 50 ಕಿಲೋ ಮೈಲುತುತ್ತಕ್ಕೆ ಹನ್ನೆರಡೂವರೆ ಕಿಲೋ ತಾಮ್ರ. ನೂರಕ್ಕೆ ಒಂದರ ಅದಿರಾದರೆ 1,250 ಕಿಲೋ ಕಲ್ಲು, ದಾರಿಯಲ್ಲಿ ಕಳೆದುಹೋಗುವುದು ಬೇರೆ. ಅಂದರೆ ನೀವು ಜೀಪಿನ ಹಿಂದೆ ಹಾಕಿಕೊಂಡು ಹೋಗುವ ಒಂದೊಂದು ಚೀಲದ ಹಿಂದೆ ಒಂದು ಪಿಕಪ್ ತುಂಬಾ ಕಲ್ಲು ಎಲ್ಲೋ ಒಡೆದಿದೆ. ಹಳೆ ತಂತಿ, ಗುಜರಿ ತಾಮ್ರದಿಂದಲೂ ಮೈಲುತುತ್ತ ಮಾಡುತ್ತಾರೆ, ಆದರೆ ಆ ತಂತಿಯೂ ಒಂದು ಕಾಲಕ್ಕೆ ಕಲ್ಲೇ.

ಗಣಿ ಯಾಕೆ ನಿಂತಿತು? ಮೇಲಿನ ಒಳ್ಳೆಯ ಅದಿರು ಮುಗಿಯುತ್ತಾ ಬಂತು, ಆಳಕ್ಕೆ ಹೋದಷ್ಟೂ ನೀರೆತ್ತುವ, ಗಾಳಿ ಊದುವ ಖರ್ಚು ಏರಿತು. 1982ರಿಂದ ಮಧ್ಯಪ್ರದೇಶದ ಮಲಾಂಜಖಂಡದಲ್ಲಿ ತೆರೆದ ಗಣಿ, ಅಂದರೆ ಗುಡ್ಡವನ್ನೇ ಮೇಲಿಂದ ಕೆರೆದು ಲಾರಿಗೆ ತುಂಬುವ ಪದ್ಧತಿ, ಅದರ ಮುಂದೆ ಸುರಂಗದ ಸಣ್ಣ ಗಣಿ ಎಲ್ಲಿ ನಿಲ್ಲಬೇಕು? 1991ರ ನಂತರ ಆಮದು ಸಲೀಸಾಯಿತು. 1998ರಿಂದ 2002ರವರೆಗೆ ಪ್ರಪಂಚದ ಪೇಟೆಯಲ್ಲಿ ತಾಮ್ರದ ದರ ಟನ್ನಿಗೆ 1,500 ಡಾಲರಿನ ಸುತ್ತಮುತ್ತಲೇ ಬಿದ್ದುಕೊಂಡಿತ್ತು. ಸಿಂಗ್‌ಭೂಮಿನ ರಾಖಾ, ಮುಸಾಬನಿಯಂಥ ಹೆಸರುವಾಸಿ ಗಣಿಗಳೇ ಆ ಹೊಡೆತಕ್ಕೆ ಮುಚ್ಚಿದವು. ಇಂಗಳಧಾಳಿನ ತಾಮ್ರವೂ ನಿಂತಿತು. ನಿಂತ ಸ್ವಲ್ಪ ಕಾಲಕ್ಕೆ, 2006ರಲ್ಲಿ, ಅದೇ ತಾಮ್ರ 8,000 ಡಾಲರ್ ದಾಟಿತು! ಮೆಣಸಿಗೆ ದರ ಇಲ್ಲ ಎಂದು ಬಳ್ಳಿ ಕಿತ್ತ ವರ್ಷದ ಮರುವರ್ಷ ದರ ಏರಿದ ಹಾಗೆ. ನೀವು ಬಳ್ಳಿ ಮತ್ತೆ ನೆಡಬಹುದು. ನೀರು ತುಂಬಿದ ಗಣಿಯನ್ನು ಮತ್ತೆ ಎಬ್ಬಿಸುವುದು ಅಷ್ಟು ಸುಲಭವಲ್ಲ. ಗಣಿಯನ್ನೇ ನಂಬಿ ಬಂದ ಕುಟುಂಬಗಳು ಎಲ್ಲೆಲ್ಲಿಗೋ ಹೋದವು. ಈವತ್ತು ಆ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ಒಂದೊಂದು ಯಂತ್ರದೊಳಗೂ ಸುರುಳಿ ಸುರುಳಿ ತಾಮ್ರದ ತಂತಿ, ಅದು ಯಾವ ದೇಶದ ಕಲ್ಲೋ. ತಮಿಳುನಾಡಿನ ತೂತ್ತುಕುಡಿಯ ದೊಡ್ಡ ಕುಲುಮೆ 2018ರಲ್ಲಿ, ಹೊಗೆ ಮತ್ತು ನೀರಿನ ವಿರುದ್ಧ ಜನ ಎದ್ದು, ಗೋಲಿಬಾರಿನಲ್ಲಿ 13 ಜನ ಸತ್ತ ಮೇಲೆ ಮುಚ್ಚಿದ್ದು ನಿಮಗೆ ನೆನಪಿರಬಹುದು. ತಾಮ್ರ ಎಲ್ಲರಿಗೂ ಬೇಕು, ಕುಲುಮೆ ಯಾರ ಊರಿಗೂ ಬೇಡ. ಇದರಲ್ಲಿ ಊರಿನವರದ್ದು ತಪ್ಪು ಎಂದು ನಾನು ಹೇಳಲಾರೆ.

ನಿನ್ನೆ ಸಂಜೆ ಒಬ್ಬರು ಹಿರಿಯರು ಕೇಳಿದರು: "ಚಿತ್ರದುರ್ಗದಲ್ಲಿ ಇದೆ, ಹಾಸನದಲ್ಲಿ ಇದೆ, ನಮ್ಮ ಬೆಟ್ಟದಲ್ಲಿ ಯಾಕಿಲ್ಲ?" ಅಜ್ಜಯ್ಯಾ, ನಮ್ಮ ಕೊಡಗಿನ ಕಲ್ಲು ಚಿತ್ರದುರ್ಗದ ಕಲ್ಲಿಗಿಂತ ಹಿರಿಯದು, ಮುನ್ನೂರು ಕೋಟಿ ವರ್ಷ ದಾಟಿದ್ದು. ಅದು ಭೂಮಿಯ ಬಹಳ ಆಳದಲ್ಲಿ ಬೆಂದು ಹದವಾಗಿ ಮೇಲೆ ಬಂದ ಕಲ್ಲು. ಕಡಲ ತಳದ ಲಾವಾ ಮತ್ತು ಅದರ ಬಿಸಿನೀರಿನ ಅಂಗಡಿ ಚಿತ್ರದುರ್ಗದ ಪಟ್ಟಿಯಲ್ಲಿ ಉಳಿದ ಹಾಗೆ ಇಲ್ಲಿ ಉಳಿದಿಲ್ಲ. ನನ್ನನ್ನು ಕೇಳಿದರೆ, ಇಲ್ಲದ್ದೇ ಪುಣ್ಯ. ಈ ಹಳದಿ ಅದಿರಿನ ಪುಡಿ ಗಾಳಿ ನೀರಿಗೆ ಬಿದ್ದರೆ ಗಂಧಕದ ಆಮ್ಲ ಹುಟ್ಟುತ್ತದೆ. ಚಿತ್ರದುರ್ಗದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಮಡಿಕೇರಿಯಲ್ಲಿ ಅದು 3,000 ದಾಟುತ್ತದೆ. ಅಲ್ಲಿ ರಾಶಿ ಹಾಕಿದ ಗಣಿಪುಡಿ ಅಲ್ಲೇ ಕೂತಿರಬಹುದು. ಇಲ್ಲಾದರೆ ಮೊದಲ ಕಕ್ಕಡ ತಿಂಗಳಿಗೇ ತೋಡಿಗೆ, ತೋಡಿನಿಂದ ಕಾವೇರಿಗೆ. 2018ರ ಆಗಸ್ಟಿನಲ್ಲಿ ಬೆಟ್ಟ ಜಾರಿದ್ದನ್ನು ಕಂಡ ಮೇಲೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ತಾಮ್ರ ತೋಟಕ್ಕೆ ಬಂದ ಕಥೆಯೂ ಚಿಕ್ಕದಾಗಿ ಹೇಳಿಬಿಡುತ್ತೇನೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನುತ್ತಿದ್ದರು. ವಿಷ ಅಂತ ಹೆದರಲಿ ಎಂದು ರೈತರು ಸುಣ್ಣ, ಮೈಲುತುತ್ತ ಕಲಸಿ ಎರಚಿದರು. ಕಳ್ಳರು ಹೆದರಿದರೋ ಇಲ್ಲವೋ, ಎರಚಿದ ಗಿಡಕ್ಕೆ ಬೂಜು ರೋಗ ಬರಲಿಲ್ಲ. ಮಿಲ್ಲಾರ್ಡೆ ಎಂಬ ಪ್ರೊಫೆಸರು ಇದನ್ನು ಗಮನಿಸಿ 1885ರಲ್ಲಿ ಪ್ರಕಟಿಸಿದರು. ಸಿಲೋನಿನ ಕಾಫಿಯನ್ನು ಎಲೆ ತುಕ್ಕು ರೋಗ 1869ರಿಂದಲೇ ತಿನ್ನತೊಡಗಿತ್ತು, ನಮ್ಮ ಅರೇಬಿಕಾಕ್ಕೂ ಅದೇ ಶತ್ರು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್‌ಮನ್ ಎಂಬ ಕೆನಡಾದ ವಿಜ್ಞಾನಿ ಮಲೆನಾಡಿನ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಹೊಡೆಸಿದರು, ಮಳೆಗೆ ತೊಳೆದುಹೋಗದಿರಲು ರಾಳ ಬೆರೆಸಿದರು. ಸಾಹೇಬ ಮರಕ್ಕೆ ಸುಣ್ಣ ಬಳಿಯುತ್ತಾನೆ ಎಂದು ನಕ್ಕವರ ಮಕ್ಕಳೇ ಆ ಮೇಲೆ ಸಾಲಿನಲ್ಲಿ ನಿಂತು ಮೈಲುತುತ್ತ ಕೊಂಡರು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದೂ ಅವರ ಕಾಲದಲ್ಲೇ.

ಈಗ ನನ್ನ ಮನೆಯ ಒಂದು ಸಂಗತಿ. 1994ರ ಮುಂಗಾರಿಗೆ ಮೊದಲು ನಾನು ರಜೆಯಲ್ಲಿ ಊರಿಗೆ ಬಂದಿದ್ದೆ. ಪೇಟೆಯ ಅಂಗಡಿಯೊಂದರಲ್ಲಿ ಮೈಲುತುತ್ತ ಸಂಘಕ್ಕಿಂತ ಅಗ್ಗಕ್ಕೆ ಸಿಕ್ಕಿತು, ಎರಡು ಚೀಲ ತಂದೆ. ಅಪ್ಪಯ್ಯ ಹರಳನ್ನು ಬೆರಳಲ್ಲಿ ಉಜ್ಜಿ, "ಇದರ ನೀಲಿಯಲ್ಲಿ ಹಸಿರು ಇದೆಯಲ್ಲ" ಅಂದರು. ಕಾಲೇಜಿನಲ್ಲಿ ಖನಿಜದ ಪಾಠ ಮಾಡುವ ನಾನು, "ಬೆಳಕಿಗೆ ಹಾಗೆ ಕಾಣುತ್ತೆ" ಎಂದೆ. ಹೊಡೆಸಿದೆವು. ಜುಲೈ ಮಳೆ ಹಿಡಿಯಿತು, ಮೆಣಸಿಗೆ ಶೀಘ್ರ ಸೊರಗು ಬಿತ್ತು. ಹಾಲುವಾಣದ ಮರಗಳಿಗೆ ಅಪ್ಪಯ್ಯ ಮದುವೆಯಾದ ವರ್ಷ ಹಬ್ಬಿಸಿದ್ದ ಬಳ್ಳಿ, ನೂರಾರು, ಹದಿನೈದು ದಿನದಲ್ಲಿ ಎಲೆ ಕಪ್ಪಾಗಿ ಉದುರಿ ಬರೀ ಹಗ್ಗದ ಹಾಗೆ ನೇತಾಡಿದವು. ಉಳಿದಿದ್ದ ಹರಳನ್ನು ಕಾಲೇಜಿಗೆ ಒಯ್ದು ಪರೀಕ್ಷೆ ಮಾಡಿದರೆ ಅರ್ಧಕ್ಕರ್ಧ ಅನ್ನಭೇದಿ, ಕಬ್ಬಿಣದ ಸಲ್ಫೇಟು. ಅಪ್ಪಯ್ಯ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮುಂದಿನ ವರ್ಷ ಹೊಸ ಬಳ್ಳಿ ನೆಡುವಾಗ ಅವರ ಕೈ ನಡುಗುತ್ತಿತ್ತು, ಆ ಬಳ್ಳಿಯ ಫಸಲು ಅವರು ನೋಡಲಿಲ್ಲ.

ಆದ್ದರಿಂದ ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟಿದ್ದೇನೆ. ಎರಡರಲ್ಲೂ ಮೈಲುತುತ್ತದ ನೀರು. ಒಂದು ನಮ್ಮ ಗೋಡೌನಿನದು, ಇನ್ನೊಂದಕ್ಕೆ ನಾನೇ ಅನ್ನಭೇದಿ ಬೆರೆಸಿದ್ದೇನೆ. ಈಗ ಎರಡಕ್ಕೂ ಅಮೋನಿಯಾ ಬಿಡುತ್ತಾ ಹೋಗುತ್ತೇನೆ. ಶುದ್ಧವಾದದ್ದು ಮೊದಲು ಸ್ವಲ್ಪ ಕದಡಿ, ಇನ್ನಷ್ಟು ಬಿಟ್ಟಾಗ ತಿಳಿಯಾಗಿ ಗಾಢ ನೀಲಿ ಆಯಿತು. ಕಲಬೆರಕೆಯದರಲ್ಲಿ ನೋಡಿ, ತುಕ್ಕಿನ ಬಣ್ಣದ ಗಸಿ ಇಳಿಯುತ್ತಿದೆ, ಎಷ್ಟು ಬಿಟ್ಟರೂ ಕರಗುವುದಿಲ್ಲ. ಹೊಸ ಸರಕು ಬಂದಾಗಲೆಲ್ಲ ಸದಸ್ಯರ ಎದುರಿಗೇ ಈ ಪರೀಕ್ಷೆ ಮಾಡಬೇಕೆಂದು ನಾನು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇನೆ. ಒಂದು ಬಾಟಲಿ ಅಮೋನಿಯಾ ಸಾಕು, ವರ್ಷಕ್ಕೆ ಬರುತ್ತದೆ. ಅಧ್ಯಕ್ಷರು ತಲೆ ಆಡಿಸುತ್ತಿದ್ದಾರೆ, ಇದನ್ನು ನಡವಳಿ ಪುಸ್ತಕದಲ್ಲಿ ಬರೆಸಬೇಕು.

ಇನ್ನೊಂದು ನಿಮಗೆ ಗೊತ್ತಿರುವುದೇ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಇದು ಮೆಣಸಿನ ಪ್ರಮಾಣ. ಕಾಫಿಗೆ ಇದರ ಅರ್ಧ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾಮುರುಗಾ ಮಾಡಬಾರದು. ಪಾತ್ರೆ ಪ್ಲಾಸ್ಟಿಕ್ಕಿನದೋ ಮರದ್ದೋ ಆಗಿರಬೇಕು. ಕಲಸಿದ ಮೇಲೆ ಕತ್ತಿ ಅದ್ದಿ ನೋಡುತ್ತೇವೆ, ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು. ಆ ಕೆಂಪು ಯಾವುದು? ತುಕ್ಕಲ್ಲ, ಅದು ಸಾಕ್ಷಾತ್ ತಾಮ್ರ. ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರಗೆ ಕೂರಿಸುತ್ತದೆ. ಗಣಿಗಳಿಂದ ಹರಿದು ಬರುವ ನೀಲಿ ನೀರಿನ ಕಾಲುವೆಗೆ ಹಳೆ ಕಬ್ಬಿಣ ಹಾಕಿ ತಾಮ್ರ ಗಳಿಸುವ ವಿದ್ಯೆಯನ್ನು ಚೀನಾದವರು ಸಾವಿರ ವರ್ಷದ ಹಿಂದೆಯೇ ನಡೆಸುತ್ತಿದ್ದರು. ನೀವು ತೋಟದಲ್ಲಿ ಡ್ರಮ್ಮಿನ ಪಕ್ಕ ನಿಂತು ಅದನ್ನೇ ಮಾಡುತ್ತಿದ್ದೀರಿ.

ತಾಮ್ರ ಒಮ್ಮೆ ಮಣ್ಣಿಗೆ ಬಿದ್ದರೆ ಬೇರೆ ಔಷಧದ ಹಾಗೆ ಕೊಳೆತು ಹೋಗುವುದಿಲ್ಲ. ಲೋಹ ಲೋಹವಾಗಿಯೇ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಎರೆಹುಳಕ್ಕೆ ಅದು ಆಗುವುದಿಲ್ಲ, ಮೀನಿಗೆ ಇನ್ನೂ ಆಗುವುದಿಲ್ಲ. ಅಜ್ಜನ ಕಾಲದಿಂದ ಹೊಡೆದ ತೋಟಗಳಲ್ಲಿ ಅದು ಕೂಡುತ್ತಲೇ ಬಂದಿದೆ. ಹಾಗಾಗಿ ಎರಡು ಸಲ ಸಾಕಾಗುವ ಕಡೆ ಮೂರು ಸಲ ಹೊಡೆಯಬೇಡಿ, ಮಣ್ಣು ಪರೀಕ್ಷೆಗೆ ಕಳಿಸುವಾಗ ತಾಮ್ರವನ್ನೂ ನೋಡಲು ಹೇಳಿ. ಡ್ರಮ್ಮು ತೊಳೆದ ನೀರನ್ನು ದಯಮಾಡಿ ತೋಡಿಗೆ ಬಿಡಬೇಡಿ. ನಾವು ಚಿಕ್ಕವರಿದ್ದಾಗ ಮನೆ ಕೆಳಗಿನ ತೋಡಿನಲ್ಲಿ ಏಡಿ ಹಿಡಿಯುತ್ತಿದ್ದೆವು. ಈಗ ಅಲ್ಲಿ ಎಷ್ಟು ಏಡಿ ಇವೆ ಎಂದು ಮಕ್ಕಳನ್ನು ಕೇಳಿ ನೋಡಿ.

ಊಟಕ್ಕೆ ಹೊತ್ತಾಯಿತು, ಅಡುಗೆಯವರು ಎರಡು ಸಲ ಬಂದು ಇಣುಕಿದರು. ಲೋಟಗಳು ಇಲ್ಲೇ ಇರುತ್ತವೆ. ಕತ್ತಿ ಅದ್ದಿ ನೋಡುವವರು ಬಂದು ನೋಡಬಹುದು, ಆದರೆ ಹಬ್ಬದ ಉಡುಪಿನ ಬೆಳ್ಳಿ ಹಿಡಿಯ ಪೀಚೆಕತ್ತಿ ಬೇಡ, ಅಡುಗೆಮನೆಯ ಹಳೇ ಕಬ್ಬಿಣದ್ದು ಒಂದು ತರಿಸಿ. ಅಂದ ಹಾಗೆ, ಕೈಯಿಂದ ಕೈಗೆ ಕೊಟ್ಟಿದ್ದ ಎರಡು ಕಲ್ಲಿನಲ್ಲಿ ಹಸಿರಿನದು ಬಂದಿದೆ, ಹಳದಿಯದು ಇನ್ನೂ ಬಂದಿಲ್ಲ. ಅದು ಚಿನ್ನ ಅಲ್ಲ ಎಂದು ಮೊದಲೇ ಹೇಳಿದ್ದೇನೆ.